‘ವಿಳಾಸ ಅಪೂರ್ಣ, ಲಿಂಕ್ ಒತ್ತಿ’: ಅಂಚೆ ಇಲಾಖೆ ಹೆಸರಿನ ಈ ಮೆಸೇಜ್ ನಿಜವೇ? ಊರಿನ ಡಬ್ಬಿ ಮನೆ ತಲುಪುವ ಅಸಲಿ ದಾರಿ ಇಲ್ಲಿದೆ

‘ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ. ಎರಡು ಸಲ ಪ್ರಯತ್ನಿಸಿದರೂ ವಿಳಾಸ ಅಪೂರ್ಣವಾಗಿರುವುದರಿಂದ ತಲುಪಿಸಲು ಆಗಲಿಲ್ಲ. 48 ಗಂಟೆಯೊಳಗೆ ಕೆಳಗಿನ ಲಿಂಕಿನಲ್ಲಿ ವಿಳಾಸ ಸರಿಪಡಿಸಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ.’

ಇಂಥ ಅರ್ಥದ ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು. ಕೆಳಗೆ ‘ಇಂಡಿಯಾ ಪೋಸ್ಟ್’ ಎಂಬ ಹೆಸರು, ಲಿಂಕ್ ಒತ್ತಿದರೆ ಅಂಚೆ ಇಲಾಖೆಯ ಕೆಂಪು-ಹಳದಿ ಗುರುತಿನಂತೆಯೇ ಕಾಣುವ ಪುಟ, ಅಲ್ಲಿ ಹೆಸರು, ವಿಳಾಸ, ಕೊನೆಗೆ ‘ಮರುವಿತರಣೆ ಶುಲ್ಕ’ ಎಂದು ಇಪ್ಪತ್ತೋ ಮೂವತ್ತೋ ರೂಪಾಯಿ.

ಊರಿಂದ ಅಮ್ಮ ಚಟ್ನಿಪುಡಿ ಡಬ್ಬಿ ಕಳಿಸಿದ್ದಾರೆ, ಅದು ಇನ್ನೂ ಬಂದಿಲ್ಲ ಎಂದು ಕಾಯುತ್ತಿರುವವರಿಗೆ ಈ ಮೆಸೇಜ್ ಬಂದರೆ ಅನುಮಾನ ಬರುವುದು ಕಷ್ಟ. ಹಾಗಾದರೆ ಇದು ನಿಜವೇ?

ಒಂದೇ ಮಾತಿನಲ್ಲಿ: ಸುಳ್ಳು. ವಿಳಾಸ ಸರಿಪಡಿಸಿ ಎಂದು ಲಿಂಕ್ ಕಳಿಸುವ ಪದ್ಧತಿ ಅಂಚೆ ಇಲಾಖೆಯಲ್ಲಿ ಇಲ್ಲ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಘಟಕ ಇದು ನಕಲಿ ಎಂದು ಒಂದಕ್ಕಿಂತ ಹೆಚ್ಚು ಸಲ ಸ್ಪಷ್ಟಪಡಿಸಿದೆ. ಆದರೆ ‘ಸುಳ್ಳು’ ಎಂದು ಹೇಳಿ ನಿಲ್ಲಿಸಿದರೆ ಸಾಲದು. ನಾಳೆ ಇದೇ ಮೆಸೇಜ್ ಬೇರೆ ವೇಷದಲ್ಲಿ ಬರುತ್ತದೆ. ಪಾರ್ಸೆಲ್ ನಿಜವಾಗಿ ಹೇಗೆ ಬರುತ್ತದೆ ಎಂಬುದು ಗೊತ್ತಿದ್ದರೆ ಯಾವ ವೇಷದಲ್ಲಿ ಬಂದರೂ ಗುರುತಿಸಬಹುದು. ಅದನ್ನೇ ಇಲ್ಲಿ ನೋಡೋಣ.

ಅರೇಹಳ್ಳಿ ಎಂದಷ್ಟೇ ಬರೆದರೆ ಯಾವ ಅರೇಹಳ್ಳಿ?

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಅರೇಹಳ್ಳಿ ಇದೆ. ಬೆಂಗಳೂರಿನ ಉತ್ತರಹಳ್ಳಿ ಕಡೆಗೂ ಒಂದು ಅರೇಹಳ್ಳಿ ಇದೆ. ಹೊಸಹಳ್ಳಿ, ಹೊಸೂರು, ರಾಮಪುರ ಎಂಬ ಹೆಸರಿನ ಊರುಗಳಂತೂ ನಮ್ಮ ರಾಜ್ಯದಲ್ಲಿ ಎಷ್ಟಿವೆಯೋ. ಈ ಗೊಂದಲ ಬಗೆಹರಿಸಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೆಲಣಕರ್.

ಆರು ಅಂಕಿಗಳಲ್ಲಿ ದಾರಿ ಬರೆದಿರುತ್ತದೆ. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಎರಡು ಅಂಕಿ 56ರಿಂದ 59ರವರೆಗೆ ಇದ್ದರೆ ಕರ್ನಾಟಕ. ಮೊದಲ ಮೂರು ಅಂಕಿ 573 ಇದ್ದರೆ ಹಾಸನದ ಕಡೆ. ಕೊನೆಯ ಮೂರು ಅಂಕಿ ಪತ್ರ ತಲುಪಿಸುವ ಅಂಚೆ ಕಚೇರಿಯನ್ನು ಹೇಳುತ್ತವೆ. ಬೇಲೂರಿನದು 573115. ಹೀಗಾಗಿ ಊರಿನ ಹೆಸರು ಒಂದೇ ಆದರೂ 573ರ ಡಬ್ಬಿ 560ರ ಚೀಲಕ್ಕೆ ಬೀಳುವುದಿಲ್ಲ.

ಇದರ ಅರ್ಥ ಏನು? ಪಿನ್ ಸರಿಯಿದ್ದರೆ ಡಬ್ಬಿ ಸರಿಯಾದ ಅಂಚೆ ಕಚೇರಿಯವರೆಗೆ ಬಂದೇ ಬರುತ್ತದೆ. ಅಲ್ಲಿಂದ ಮುಂದೆ ಮನೆ ಹುಡುಕುವುದು ಯಾವುದೋ ವೆಬ್‌ಸೈಟಿನ ಕೆಲಸವಲ್ಲ, ಆ ಬೀಟಿನ ಪೋಸ್ಟ್‌ಮ್ಯಾನ್ ಕೆಲಸ. ಮನೆ ಸಿಗದಿದ್ದರೆ ಡಬ್ಬಿಯ ಮೇಲಿನ ನಂಬರಿಗೆ ಅವರು ಫೋನ್ ಮಾಡಬಹುದು. ಮನೆಗೆ ಬೀಗ ಹಾಕಿದ್ದರೆ ಸೂಚನೆ ಕೊಟ್ಟು ಹೋಗುತ್ತಾರೆ. ನಿಗದಿತ ದಿನಗಳವರೆಗೆ ಡಬ್ಬಿ ಕಚೇರಿಯಲ್ಲೇ ಇರುತ್ತದೆ, ಗುರುತಿನ ಚೀಟಿ ತೋರಿಸಿ ತರಬಹುದು. ಯಾರೂ ಬಾರದಿದ್ದರೆ ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಈ ದಾರಿಯಲ್ಲಿ ನೀವು ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಡಬೇಕಾದ ಜಾಗ ಎಲ್ಲೂ ಇಲ್ಲ.

ರಸೀದಿಯಲ್ಲಿರುವ 13 ಅಕ್ಷರಗಳು

ಸ್ಪೀಡ್ ಪೋಸ್ಟ್ ಅಥವಾ ಪಾರ್ಸೆಲ್ ಬುಕ್ ಮಾಡಿದಾಗ ಕೌಂಟರಿನಲ್ಲಿ ರಸೀದಿ ಕೊಡುತ್ತಾರೆ. ಅದರಲ್ಲಿ 13 ಅಕ್ಷರಗಳ ಸಂಖ್ಯೆ ಇರುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ‘ಐ ಎನ್’ ಎಂಬ ಎರಡು ಅಕ್ಷರ. ಇದು ಜಗತ್ತಿನ ಅಂಚೆ ಸಂಸ್ಥೆಗಳೆಲ್ಲ ಒಪ್ಪಿಕೊಂಡಿರುವ ಮಾದರಿ. ಒಂಬತ್ತು ಅಂಕಿಗಳಲ್ಲಿ ಕೊನೆಯದು ಲೆಕ್ಕ ತಾಳೆ ನೋಡುವ ಅಂಕಿ. ಉಳಿದ ಎಂಟು ಅಂಕಿಗಳಿಂದ ಲೆಕ್ಕ ಹಾಕಿಯೇ ಅದು ಬರುತ್ತದೆ, ಹಾಗಾಗಿ ಬಾಯಿಗೆ ಬಂದ ಸಂಖ್ಯೆ ಬರೆದರೆ ಹೆಚ್ಚಾಗಿ ತಾಳೆಯಾಗುವುದಿಲ್ಲ.

ನಕಲಿ ಮೆಸೇಜ್‌ಗಳಲ್ಲಿ ಈ ಸಂಖ್ಯೆ ಹೆಚ್ಚಾಗಿ ಇರುವುದೇ ಇಲ್ಲ. ಇದ್ದರೂ ಅದು ನಿಮ್ಮ ರಸೀದಿಯಲ್ಲಿರುವ ಸಂಖ್ಯೆ ಆಗಿರುವುದಿಲ್ಲ. ಆದ್ದರಿಂದ ಊರಲ್ಲಿ ಡಬ್ಬಿ ಬುಕ್ ಮಾಡಿದವರು ಅಲ್ಲೇ ನಿಂತು ರಸೀದಿಯ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿಬಿಡಲಿ. ಯಾವ ಮೆಸೇಜ್ ಬಂದರೂ ಆ ಫೋಟೋ ಪಕ್ಕದಲ್ಲಿಟ್ಟು ನೋಡಬಹುದು. ಡಬ್ಬಿ ಎಲ್ಲಿದೆ ಎಂದು ತಿಳಿಯಲು ಇಂಡಿಯಾ ಪೋಸ್ಟ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಸಾಕು. 1800 266 6868 ಅಂಚೆ ಇಲಾಖೆಯ ಉಚಿತ ಸಹಾಯವಾಣಿ.

ಹಾಗಾದರೆ ಅಂಚೆ ಇಲಾಖೆ ಮೆಸೇಜ್ ಕಳಿಸುವುದೇ ಇಲ್ಲವೇ?

ಕಳಿಸುತ್ತದೆ. ‘ಬುಕ್ ಆಗಿದೆ’, ‘ಇಂದು ತಲುಪಿಸಲಾಗುತ್ತದೆ’ ಎಂಬಂಥ ಮೆಸೇಜ್‌ಗಳು ಬರುತ್ತವೆ. ಅಸಲಿಗೂ ನಕಲಿಗೂ ವ್ಯತ್ಯಾಸ ಇಷ್ಟೇ: ಅಸಲಿ ಮೆಸೇಜ್ ವಿಷಯ ತಿಳಿಸುತ್ತದೆ, ನಕಲಿ ಮೆಸೇಜ್ ನಿಮ್ಮಿಂದ ಏನನ್ನೋ ಕೇಳುತ್ತದೆ, ಅದೂ ಗಡುವು ಹಾಕಿ.

ಇಲ್ಲೊಂದು ಸೂಕ್ಷ್ಮ ಇದೆ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಹೆಚ್ಚುವರಿ ಶುಲ್ಕ ಕೊಟ್ಟರೆ ಒಟಿಪಿ ಮೂಲಕ ತಲುಪಿಸುವ ಸೌಲಭ್ಯ ಬಂದಿದೆ. ಆಗ ನಿಮ್ಮ ಫೋನಿಗೆ ಬರುವ ಒಟಿಪಿಯನ್ನು ಪೋಸ್ಟ್‌ಮ್ಯಾನ್‌ಗೆ ಹೇಳಬೇಕಾಗುತ್ತದೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಕಲಿತವರಿಗೆ ಇದು ಗೊಂದಲ ತರುವುದು ಸಹಜ. ಹೀಗೆ ನೆನಪಿಡಿ: ಡಬ್ಬಿ ಕಣ್ಣೆದುರು ಇರಬೇಕು, ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತಿರಬೇಕು, ಮೆಸೇಜಿನಲ್ಲಿ ‘ಡೆಲಿವರಿ’ ಎಂದಿರಬೇಕು. ಮೆಸೇಜಿನಲ್ಲಿ ಬ್ಯಾಂಕಿನ ಹೆಸರಾಗಲಿ ರೂಪಾಯಿ ಮೊತ್ತವಾಗಲಿ ಇದ್ದರೆ ಆ ಒಟಿಪಿ ನಿಮ್ಮ ಹಣದ ಬೀಗದ ಕೈ. ಅದನ್ನು ಬಾಗಿಲಲ್ಲಿ ನಿಂತವರಿಗೂ ಕೊಡಬಾರದು.

ಹಣ ಕೇಳುವ ನಿಜವಾದ ಸಂದರ್ಭಗಳೂ ಇವೆ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್, ವಿದೇಶದಿಂದ ಬಂದ ವಸ್ತುವಿನ ಮೇಲಿನ ಸುಂಕ, ಸ್ಟ್ಯಾಂಪ್ ಕಡಿಮೆ ಹಚ್ಚಿದ ಕಾಗದ, ಇವಕ್ಕೆ ಹಣ ಕೊಡಬೇಕಾಗುತ್ತದೆ. ಆಗಲೂ ವಸ್ತು ತಂದ ಅಂಚೆಯವರ ಕೈಗೆ ಅಥವಾ ಅಂಚೆ ಕಚೇರಿಯಲ್ಲಿ ಕೊಡಿ, ರಸೀದಿ ಕೇಳಿ ಪಡೆಯಿರಿ.

ಇಪ್ಪತ್ತು ರೂಪಾಯಿಗಾಗಿ ಇಷ್ಟೆಲ್ಲ ಮೋಸವೇ?

ಅವರಿಗೆ ಬೇಕಿರುವುದು ಆ ಇಪ್ಪತ್ತು ರೂಪಾಯಿ ಅಲ್ಲ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಸಣ್ಣ ಮೊತ್ತ ಕಂಡರೆ ನಮ್ಮ ಎಚ್ಚರ ತಪ್ಪುತ್ತದೆ, ‘ಹೋದರೆ ಇಪ್ಪತ್ತು ತಾನೇ’ ಎಂದುಕೊಳ್ಳುತ್ತೇವೆ. ಆದರೆ ಅದನ್ನು ಕಟ್ಟಲು ಟೈಪ್ ಮಾಡಿದ ಕಾರ್ಡ್ ನಂಬರ್, ಹಿಂಬದಿಯ ಮೂರು ಅಂಕಿ ಮತ್ತು ಒಟಿಪಿ ಅವರ ಕೈ ಸೇರುತ್ತವೆ. ಅವುಗಳಿಂದ ದೊಡ್ಡ ಮೊತ್ತ ಎಳೆಯಬಹುದು. ಕೆಲವು ಲಿಂಕ್‌ಗಳು ಎಪಿಕೆ ಎಂಬ ಆ್ಯಪ್ ಫೈಲ್ ಇನ್‌ಸ್ಟಾಲ್ ಮಾಡಿಸುತ್ತವೆ. ಅದು ಒಳಗೆ ಹೊಕ್ಕರೆ ನಿಮಗೆ ಬರುವ ಎಸ್ಎಂಎಸ್‌ಗಳನ್ನು ಅವರೂ ಓದಬಹುದು.

‘ನಾನು ಪಾರ್ಸೆಲ್ ಕಾಯುತ್ತಿರುವುದು ಅವರಿಗೆ ಹೇಗೆ ಗೊತ್ತಾಯಿತು?’ ಎಂದು ನಮ್ಮನ್ನು ಹಲವರು ಕೇಳುತ್ತಾರೆ. ಗೊತ್ತಿರಬೇಕಾಗಿಲ್ಲ. ಒಂದೇ ಮೆಸೇಜನ್ನು ಲಕ್ಷ ಜನಕ್ಕೆ ಕಳಿಸಿದರೆ ಅವರಲ್ಲಿ ಪಾರ್ಸೆಲ್ ಕಾಯುತ್ತಿರುವವರು ಇದ್ದೇ ಇರುತ್ತಾರೆ. ಉಳಿದವರು ಅಳಿಸಿ ಹಾಕುತ್ತಾರೆ, ಕಾಯುತ್ತಿದ್ದವರು ಒತ್ತುತ್ತಾರೆ.

ಲಿಂಕಿನ ಹೆಸರು ಓದುವುದು ಹೇಗೆ? ದೆಹಲಿಯಲ್ಲಿ ‘ಮೈಸೂರು ಹೋಟೆಲ್’ ಎಂಬ ಬೋರ್ಡ್ ಇದ್ದರೆ ಆ ಹೋಟೆಲ್ ಮೈಸೂರಿನಲ್ಲಿ ಇಲ್ಲ, ದೆಹಲಿಯಲ್ಲೇ ಇದೆ. ವೆಬ್ ವಿಳಾಸವೂ ಹಾಗೆಯೇ. ಮೊದಲಲ್ಲಿ ‘ಇಂಡಿಯಾಪೋಸ್ಟ್’ ಎಂದಿದ್ದರೆ ಸಾಲದು, ಹೆಸರಿನ ಕೊನೆ ನೋಡಬೇಕು. ಅಂಚೆ ಇಲಾಖೆಯ ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಡಾಟ್ ಟಾಪ್’, ‘ಡಾಟ್ ಕಾಮ್’ ಎಂದೋ, ಅರ್ಥವಿಲ್ಲದ ಅಕ್ಷರಗಳ ಸಾಲೋ ಇದ್ದರೆ ಅದು ಬೇರೆಯವರ ಮನೆ.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ಮೋಸ ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್’ ಎಂಬ ವಿಡಿಯೊ ಕರೆ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಕರೆ ಕಟ್ ಮಾಡಿ.

‘ರಿಜಿಸ್ಟರ್ಡ್ ಪೋಸ್ಟ್ ಬಂದ್, ಅಂಚೆ ಡಬ್ಬಗಳೂ ಇರಲ್ಲ’ ಎಂಬ ಫಾರ್ವರ್ಡ್

ಇದು ಅರ್ಧ ನಿಜ. 2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಲಾಗಿದೆ. ಆದರೆ ಅದರ ಮುಖ್ಯ ಗುಣ ಉಳಿದಿದೆ. ಸ್ಪೀಡ್ ಪೋಸ್ಟ್ ಮಾಡುವಾಗ ‘ನೋಂದಣಿ’ ಬೇಕೆಂದು ಕೇಳಿದರೆ 5 ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಂಡು, ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಸಹಿ ಪಡೆದು ಕೊಡುತ್ತಾರೆ. ಕೋರ್ಟ್ ನೋಟಿಸ್, ಜಮೀನಿನ ಕಾಗದ ಕಳಿಸುವವರು ಇದನ್ನು ನೆನಪಿಡಬೇಕು. ಕೆಂಪು ಅಂಚೆ ಡಬ್ಬಗಳನ್ನು ತೆಗೆಯುವ ಮಾತು ಆ ವಿಲೀನದಲ್ಲಿ ಇರಲಿಲ್ಲ. ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲೇ ಇವೆ.

ಇಂಥ ಅರ್ಧ ನಿಜಗಳೂ ಮೋಸಗಾರರಿಗೆ ಅನುಕೂಲವೇ. ‘ಅಂಚೆಯಲ್ಲಿ ಎಲ್ಲ ಬದಲಾಗಿದೆ’ ಎಂದು ನಂಬಿದವರು ‘ಈಗ ಲಿಂಕಿನಲ್ಲೇ ವಿಳಾಸ ಕೊಡಬೇಕಂತೆ’ ಎಂಬುದನ್ನೂ ನಂಬುತ್ತಾರೆ.

‘ತಿಂಡಿ ಪದಾರ್ಥ ಅಂಚೆಯಲ್ಲಿ ಹೋಗಲ್ಲ, ಹೋದರೂ ಕೆಡುತ್ತೆ’ ಎಂಬ ಮಾತು

ಇದೂ ಪೂರ್ತಿ ನಿಜವಲ್ಲ. ಅಪಾಯಕಾರಿ, ಕೊಳೆಯುವ, ಬೇರೆಯವರ ಪಾರ್ಸೆಲ್ ಹಾಳು ಮಾಡುವ ವಸ್ತುಗಳಿಗೆ ನಿರ್ಬಂಧ ಇದೆ. ಚೆನ್ನಾಗಿ ಕಟ್ಟಿದ ಒಣ ಪುಡಿ, ಕಾಫಿಪುಡಿ, ಅವಲಕ್ಕಿ ಹೋಗುತ್ತವೆ. ಎಣ್ಣೆಯ ಉಪ್ಪಿನಕಾಯಿ, ಗೊಜ್ಜು ಸೋರುವಂಥವು. ಅವನ್ನು ಹೇಗೆ ಕಟ್ಟಬೇಕೆಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನು ಕೆಡುವ ಪ್ರಶ್ನೆ. ಆಹಾರ ಕೆಡಿಸುವ ಬ್ಯಾಕ್ಟೀರಿಯಾ ಮತ್ತು ಬೂಸ್ಟಿಗೆ ನೀರು ಬೇಕು. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ ಅವುಗಳ ಬಳಕೆಗೆ ಎಷ್ಟು ಸಿಗುತ್ತದೆ ಎನ್ನುವುದು ಮುಖ್ಯ. ಇದನ್ನು ವಿಜ್ಞಾನಿಗಳು ‘ವಾಟರ್ ಆ್ಯಕ್ಟಿವಿಟಿ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ 1. ಅದು 0.9ಕ್ಕಿಂತ ಇಳಿದರೆ ಬಹುತೇಕ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. 0.7ರ ಕೆಳಗೆ ಸಾಮಾನ್ಯ ಬೂಸ್ಟೂ ಬೆಳೆಯುವುದು ಕಷ್ಟ. 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಹುರಿಯುವುದು, ಒಣಗಿಸುವುದು ನೀರನ್ನು ಓಡಿಸುತ್ತವೆ. ಉಪ್ಪು, ಸಕ್ಕರೆ, ಬೆಲ್ಲ ಇರುವ ನೀರನ್ನೇ ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತವೆ.

ಹಾಸನ ಜಿಲ್ಲೆಯಲ್ಲೇ ಇದರ ಉದಾಹರಣೆ ಸಿಗುತ್ತದೆ. ಅರಸೀಕೆರೆ ತೆಂಗಿನ ಸೀಮೆ. ಹಸಿ ಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರೇ, ಹೆರೆದಿಟ್ಟರೆ ಒಂದು ದಿನದಲ್ಲಿ ಹಳಸುತ್ತದೆ. ಅದೇ ಕಾಯಿ ಒಣಗಿ ಕೊಬ್ಬರಿಯಾದಾಗ ನೀರಿನ ಅಂಶ ಶೇ 6-7ಕ್ಕೆ ಇಳಿಯುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಚಟ್ನಿಪುಡಿಗೆ ಹಸಿ ಕಾಯಿ ಹಾಕದೆ ಕೊಬ್ಬರಿ ಹಾಕುವುದರ ಗುಟ್ಟು ಇದೇ.

ಆದರೆ ಒಣ ಅರಸೀಕೆರೆಯ ಅಡುಗೆಮನೆ ಬೇರೆ, ಜುಲೈ ಮಳೆಯಲ್ಲಿ ಅರೇಹಳ್ಳಿಯ ಅಡುಗೆಮನೆ ಬೇರೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲೇ ನೀರಿರುತ್ತದೆ. ಮುಚ್ಚಳ ತೆರೆದಿಟ್ಟ ಪುಡಿ ಆ ನೀರನ್ನು ಹೀರಿ ಗಂಟು ಕಟ್ಟುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಪುಡಿ ಮಾಡಿದರೆ ಪೂರ್ತಿ ತಣ್ಣಗಾದ ಕೂಡಲೇ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗಿನ ಹಬೆ ಮುಚ್ಚಳದಲ್ಲಿ ನೀರಾಗಿ ಪುಡಿಯ ಮೇಲೆಯೇ ತೊಟ್ಟಿಕ್ಕುತ್ತದೆ. ‘ಒದ್ದೆ ಚಮಚ ಹಾಕಬೇಡ’ ಎಂಬ ಅಜ್ಜಿಯ ಗದರಿಕೆ ಅಪ್ಪಟ ವಿಜ್ಞಾನ.

‘ಪ್ಯಾಕೆಟ್ ಮಿಕ್ಸ್ ತಿಂಗಳುಗಟ್ಟಲೆ ಕೆಡಲ್ಲ ಅಂದರೆ ಕೆಮಿಕಲ್ ಹಾಕಿದ್ದಾರೆ’ ಎಂಬ ಫಾರ್ವರ್ಡ್‌ಗೂ ಇಲ್ಲೇ ಉತ್ತರವಿದೆ. ಒಣ ಮಿಕ್ಸ್ ಉಳಿಯುವುದು ಮುಖ್ಯವಾಗಿ ಒಣಗಿರುವುದರಿಂದ. ಬೆಂಗಳೂರಿನ ಎಂಟಿಆರ್ 1970ರ ದಶಕದ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ನಡೆಸುವುದು ಕಷ್ಟವಾದಾಗ ಪುಡಿ, ಮಿಕ್ಸ್ ಮಾರಾಟಕ್ಕೆ ಇಳಿಯಿತು. ಮನೆಯ ಪುಡಿಯ ತತ್ವವೇ ಅಲ್ಲೂ ಕೆಲಸ ಮಾಡಿತು. ಬಿಸಿ ಮಾಡಿ ತಿನ್ನುವ, ನೀರಿರುವ ಪಲ್ಯ-ಅನ್ನದ ಪೊಟ್ಟಣಗಳ ದಾರಿ ಬೇರೆ: ಅವನ್ನು ಪೊಟ್ಟಣದಲ್ಲಿ ಮುಚ್ಚಿದ ಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ. ಸೈನಿಕರ ಊಟಕ್ಕಾಗಿ ಈ ಬಗೆಯ ತಂತ್ರಜ್ಞಾನದ ಮೇಲೆ ಕೆಲಸ ಮಾಡಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಮೈಸೂರಿನಲ್ಲೇ ಇದೆ. ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದೆ. ಉಪ್ಪಿನ ಪ್ರಮಾಣ ನೋಡುವುದು ಬುದ್ಧಿವಂತಿಕೆ, ‘ಕೆಡಲ್ಲ’ ಎಂಬುದೊಂದೇ ವಿಷದ ಪುರಾವೆಯಲ್ಲ.

ಡಬ್ಬಿಗೆ ಏನು ಹಾಕಬೇಕು, ಏನು ಬೇಡ

ದಾರಿಯಲ್ಲಿ ನಾಲ್ಕು ದಿನ ಹೆಚ್ಚಾದರೂ ತಡೆಯುವಂಥವು: ಹುರಿಗಡಲೆ ಅಥವಾ ಕಡಲೆಕಾಯಿ ಚಟ್ನಿಪುಡಿ, ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು, ಹುರಿದ ರವೆ, ಅವಲಕ್ಕಿ, ಕಾಫಿಪುಡಿ. ಇವಿದ್ದರೆ ಕೆಲಸದಿಂದ ತಡವಾಗಿ ಬಂದ ದಿನವೂ ಹೊಟ್ಟೆಗೆ ಮೋಸವಿಲ್ಲ. ತೆಳು ಅವಲಕ್ಕಿಗೆ ಚಟ್ನಿಪುಡಿ, ಒಂದು ಚಮಚ ಎಣ್ಣೆ, ಇದ್ದರೆ ಕಾಯಿತುರಿ ಹಾಕಿ ಕಲಸಲು ಐದು ನಿಮಿಷ. ಹುರಿದ ರವೆಯಿದ್ದರೆ ಉಪ್ಪಿಟ್ಟಿಗೆ ಹತ್ತು ನಿಮಿಷ. ಬಿಸಿ ಅನ್ನಕ್ಕೆ ಮೆಂತ್ಯದ ಹಿಟ್ಟು, ಮೇಲೆ ತುಪ್ಪವಾದರಂತೂ ಒಲೆ ಮುಂದೆ ನಿಲ್ಲುವ ಕೆಲಸವೇ ಇಲ್ಲ.

ಅಂಚೆಗೆ ಬೇಡವಾದವು: ಅಕ್ಕಿ ರೊಟ್ಟಿ, ಕಡುಬು, ಚಪಾತಿ, ಕಾಯಿ ಹೋಳಿಗೆ, ಯಾವುದೇ ಅನ್ನದ ಪದಾರ್ಥ. ಇವುಗಳಲ್ಲಿ ನೀರು ಹೆಚ್ಚು. ಬೆಂದ ಅನ್ನ ಬೆಚ್ಚಗೆ ಉಳಿದರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

‘ಬೂಸ್ಟು ಬಂದರೆ ಮೇಲಿನದು ತೆಗೆದು, ಬಿಸಿಲಿಗೆ ಹಾಕಿ ಬಳಸಿ’ ಎಂಬ ಸಲಹೆಯನ್ನೂ ನಂಬಬೇಡಿ. ಕಡಲೆಕಾಯಿ, ಕೊಬ್ಬರಿ, ಒಣಮೆಣಸಿನಕಾಯಿ ಮೇಲೆ ಬೆಳೆಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಮನೆಯಲ್ಲಿ ಹುರಿದರೆ ಅದು ಪೂರ್ತಿ ನಾಶವಾಗುವುದಿಲ್ಲ. ಅಮ್ಮ ಮಾಡಿದ್ದು ಎಂದು ಎಷ್ಟೇ ಕರುಳು ಚುರುಕ್ ಎಂದರೂ ಬೂಸ್ಟು ಹಿಡಿದ ಪುಡಿಯನ್ನು ಎಸೆಯಿರಿ. ಕೊಬ್ಬರಿ ಪುಡಿ ಬರೀ ಕಮಟು ಹೊಡೆಯುತ್ತಿದ್ದರೆ ಕಾರಣ ಬೇರೆ. ಅದರ ಎಣ್ಣೆ ಗಾಳಿಗೆ ಕೆಟ್ಟಿದೆ, ರುಚಿಯೂ ಹೋಗಿದೆ. ಹೊಸದು ಮಾಡಿಸಿಕೊಳ್ಳುವುದೇ ಒಳ್ಳೆಯದು.

ಲಿಂಕ್ ಒತ್ತಿಬಿಟ್ಟಿದ್ದರೆ?

ಬರೀ ಒತ್ತಿ, ಏನೂ ತುಂಬದೆ ಇದ್ದರೆ ಆ ಪುಟ ಮುಚ್ಚಿ. ಯಾವ ಫೈಲನ್ನೂ ಇನ್‌ಸ್ಟಾಲ್ ಮಾಡಬೇಡಿ.

ಕಾರ್ಡ್ ವಿವರ ಅಥವಾ ಒಟಿಪಿ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. ತಕ್ಷಣ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯುವ ಅವಕಾಶ ಅಷ್ಟು ಹೆಚ್ಚು. ಮೆಸೇಜನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಬೇಗ ತಿಳಿಸಲು ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಒಟಿಪಿಯಂಥ ವಿವರ ಕೊಟ್ಟು ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಅಂದರೆ ‘ಮನೆಯವರು ಬೈತಾರೆ’ ಎಂದು ಸುಮ್ಮನಿದ್ದ ಒಂದೊಂದು ಗಂಟೆಯೂ ನಿಮ್ಮ ತಲೆಯ ಮೇಲೇ ಬೀಳುತ್ತದೆ. ಮನೆಯಲ್ಲಿ ಯಾರಾದರೂ ಹೀಗೆ ಹಣ ಕಳೆದುಕೊಂಡಿದ್ದರೆ ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ, ಮೊದಲು 1930 ಒತ್ತಿ ಕೊಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಕೆಳಗಿನ ಸಾಲುಗಳನ್ನು ಹಾಗೆಯೇ ಕಾಪಿ ಮಾಡಿ ಮನೆಯವರ ಗ್ರೂಪಿಗೆ ಹಾಕಬಹುದು.

• ವಿಳಾಸ ಸರಿಪಡಿಸಿ ಎಂದು ಲಿಂಕ್ ಕಳಿಸುವುದು ಅಂಚೆ ಇಲಾಖೆ ಅಲ್ಲ.
• ಡಬ್ಬಿ ಬುಕ್ ಮಾಡಿದ ಕೂಡಲೇ ರಸೀದಿಯ ಫೋಟೋ ಕಳಿಸಿ. ಪಿನ್ ಕೋಡ್ ಮತ್ತು ಫೋನ್ ನಂಬರ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ.
• ಅನುಮಾನ ಬಂದರೆ ಊರಿನ ಅಂಚೆ ಕಚೇರಿಯಲ್ಲಿ ಕೇಳಿ, ಇಲ್ಲವೇ 1800 266 6868ಕ್ಕೆ ಫೋನ್ ಮಾಡಿ.
• ಸರ್ಕಾರಿ ಇಲಾಖೆ ಹೆಸರಿನ ಮೆಸೇಜ್ ನಿಜವೋ ಸುಳ್ಳೋ ತಿಳಿಯಲು ಪಿಐಬಿ ಫ್ಯಾಕ್ಟ್ ಚೆಕ್ ವಾಟ್ಸ್ಆ್ಯಪ್: 8799711259.
• ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೆ ಮತ್ತು 1930ಕ್ಕೆ ತಿಳಿಸಿ.

ಡಬ್ಬಿ ಎರಡು ದಿನ ತಡವಾದರೆ ಒಣ ಚಟ್ನಿಪುಡಿಗೆ ಏನೂ ಆಗುವುದಿಲ್ಲ. 48 ಗಂಟೆಯ ಅವಸರ ಇರುವುದು ಮೋಸಗಾರನಿಗೆ, ನಿಮಗಲ್ಲ.